ಕಾಗದದಾಗ ಏನೈತೋ ಅದನ್ನ ಬರಕೋ

1985ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ಮದ್ರಾಸಿನ ಒಬ್ಬ ಚಪ್ಪಲಿ ಹೊಲಿಯುವವನ ಅರ್ಜಿಯನ್ನು ತಳ್ಳಿಹಾಕಿತು. ಸೂಸೈ ಅಂತ ಅವನ ಹೆಸರು. ರಸ್ತೆ ಬದಿಗೆ ಕೂತು ಕೆಲಸ ಮಾಡುವ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು, ಇವನಿಗೆ ಕೊಡಲಿಲ್ಲ. ಜಾತಿಯಿಂದ ಆದಿದ್ರಾವಿಡ, ಕಸುಬು ಅದೇ, ಕೂತ ಜಾಗವೂ ಅದೇ ರಸ್ತೆ. ಆದರೆ ಕ್ರೈಸ್ತ. ಮತಾಂತರದ ನಂತರವೂ ಜಾತಿ ಉಳಿದಿರಬಹುದು ಎಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಉಳಿದದ್ದಷ್ಟೇ ಸಾಲದು, ಹಿಂದೂ ಸಮಾಜದಲ್ಲಿ ಅನುಭವಿಸಿದ ಅದೇ ತೀವ್ರತೆಯ ತುಳಿತ ಹೊಸ ಸಮಾಜದಲ್ಲೂ ಮುಂದುವರಿದಿದೆ ಎಂದು ತೋರಿಸಬೇಕು ಎಂದಿತು. ಹಾಗೆ ತೋರಿಸುವ ಅಧಿಕೃತವಾದ, ವಿವರವಾದ ಅಧ್ಯಯನವನ್ನು ಯಾರೂ ತಮ್ಮ ಮುಂದೆ ಇಟ್ಟಿಲ್ಲ ಎಂದೂ ಹೇಳಿತು.

ಅಂದರೆ ಒಂದು ಗೂಡಂಗಡಿ ಒಂದು ಪ್ರಬಂಧ ಇಲ್ಲದ್ದಕ್ಕೆ ಹೋಯಿತು. ಕ್ರೈಸ್ತ ಧರ್ಮದ ಚರಿತ್ರೆ, ಗ್ರಂಥ, ಸಮಾಜ ಅಂತ ವಿಷಯ ಹಿಡಿದು ನಮ್ಮ ರಾಮಥಾಳಕ್ಕೆ, ಹುನಗುಂದಕ್ಕೆ ಕ್ಷೇತ್ರಕಾರ್ಯಕ್ಕೆ ಬರುವ ಪಿಎಚ್.ಡಿ. ಹುಡುಗರಿಗೆ ನಾನು ಮೊದಲು ಓದಿ ಅನ್ನೋದು ಈ ತೀರ್ಪನ್ನು. ಬೈಬಲ್ ಆಮೇಲೆ ಓದಬಹುದು, ಕಿಟೆಲ್ ಕೋಶ ಎಲ್ಲೂ ಓಡಿ ಹೋಗೋದಿಲ್ಲ.

1985ರವರೆಗೆ ನಮ್ಮ ವಿಶ್ವವಿದ್ಯಾಲಯಗಳು ಈ ವಿಷಯದಲ್ಲಿ ಸುಮ್ಮನೆ ಕೂತಿರಲಿಲ್ಲ. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಎಲ್ಲವೂ ದಾಖಲಾಗಿದೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ 1974ರಲ್ಲೇ ಬಂತು. ಅಂಥ ಶ್ರಮದ ಕೆಲಸಕ್ಕೆ ಕೈಮುಗಿಯಬೇಕು. ಆದರೆ ಆ ಹಾದಿಯಲ್ಲಿ ನಡೆದ ಮುಂದಿನವರು ‘ಮಿಶನರಿಗಳ ಕನ್ನಡ ಸೇವೆ’ ಎಂಬ ಒಂದೇ ತಲೆಬರಹವನ್ನು ತಿರುವಿ ಮುರುವಿ ಹಾಕಿದರು. ಮಿಶನ್ ಕನ್ನಡಕ್ಕೆ ಏನು ಕೊಟ್ಟಿತು ಅನ್ನೋದು ಲೆಕ್ಕಕ್ಕೆ ಸಿಕ್ಕಿತು. ಮಿಶನ್ನಿನ ಬಾಗಿಲಿಗೆ ಬಂದ ಹೊಲೆಯನಿಗೆ, ಮಾದಿಗನಿಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಅನ್ನೋದು ಲೆಕ್ಕದ ಹೊರಗೆ ಉಳಿಯಿತು. ಕನ್ನಡ ಎಂಬುದಕ್ಕೆ ಒಂದು ಓಣಿ ಇದೆ, ಆ ಓಣಿಯಲ್ಲಿ ಕೇರಿ ಬರೋದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹಾಗೇ ನಡೆದುಬಂತು.

ರಾಮಥಾಳ ಇತ್ತೀಚೆಗೆ ಹನಿ ನೀರಾವರಿ ಯೋಜನೆಯಿಂದ ಪತ್ರಿಕೆಗಳಲ್ಲಿ ಹೆಸರಾದ ಊರು. ಧರ್ಮಗಳ ಲೆಕ್ಕದಲ್ಲಿ ನೋಡಿದರೆ ಇದು ನಟ್ಟನಡುವೆ ಇದೆ. ಪಡುವಲಿಗೆ ಗುಳೇದಗುಡ್ಡ, ಬಾಸೆಲ್ ಮಿಶನ್ನಿನ ಹಳೆಯ ಠಾಣೆ. ಮೂಡಲಿಗೆ ಇಲಕಲ್ಲ ದಾಟಿ ಹೋದರೆ ಮುದಗಲ್ಲ, ಆದಿಲ್‌ಶಾಹಿ ಕಾಲದಿಂದ ಕ್ಯಾಥೊಲಿಕ್ ಸಭೆ ಇರುವ ಊರು. ಬಡಗಲಿಗೆ ಕೂಡಲಸಂಗಮ. ಮೂರೂ ಕಡೆ ದೇವರು ಒಬ್ಬನೇ ಅಂತಾರೆ, ಮೂರೂ ಕಡೆ ಮನುಷ್ಯರೆಲ್ಲ ಒಂದೇ ಅಂತಾರೆ. ನಡುವೆ ಇರುವ ನಮ್ಮ ಊರುಗಳಲ್ಲಿ ಕೇರಿ ಮಾತ್ರ ಊರ ಹೊರಗೇ ಇದೆ.

ಬಾಸೆಲ್ ಮಿಶನ್ ನಮ್ಮ ಕಡೆಗೆ ಬಂದ ಕತೆ ಸ್ವಾರಸ್ಯದ್ದು. 1834ರಲ್ಲಿ ಕರಾವಳಿಗೆ ಇಳಿದವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂದರು. ಆ ಹೊತ್ತಿಗೆ ಕಾಲಜ್ಞಾನದ ಒಂದು ಪಂಗಡದವರು ಅವರನ್ನು ಹುಡುಕಿಕೊಂಡು ಬಂದರಂತೆ. ನಮ್ಮ ನುಡಿಯಲ್ಲಿ ಬರುತ್ತಾರೆ ಎಂದಿದ್ದವರು ನೀವೇ, ನಮ್ಮ ಜನ ಸಾವಿರ ಸಾವಿರ ಬಂದು ಕೂಡುತ್ತಾರೆ ಅಂದರು. ಕಾಲಜ್ಞಾನ ನಮ್ಮ ಸೀಮೆಯಲ್ಲಿ ಹೊಸದಲ್ಲ. ಕೊಡೇಕಲ್ಲ ಬಸವಣ್ಣನ ಪರಂಪರೆ ಹೊತ್ತು ತಂದ ಕನಸು ಅದು, ದಣಿದ ಜನ ಮುಂದೊಂದು ದಿನಕ್ಕೆ ಕಾಯುವ ರೀತಿ. ಮಿಶನರಿಗಳು ನಂಬಿದರು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಭೂಮಿ ಹಿಡಿದು ಕ್ರೈಸ್ತ ಊರೊಂದನ್ನು ಕಟ್ಟಲು ನಿಂತರು. ಸಾವಿರ ಸಾವಿರ ಯಾರೂ ಬರಲಿಲ್ಲ. ಒಕ್ಕಲುತನವೂ ಕೈಗೂಡಲಿಲ್ಲ. 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣೆ ಹೂಡಿದರು. ಅದು ಅಂದೂ ಇಂದೂ ನೇಕಾರರ ಊರು, ಖಣದ ಊರು.

ವಿದ್ಯಾರ್ಥಿಗಳು ಈ ಕತೆಯನ್ನು ಮಿಶನ್ನಿನ ಸೋಲು ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ನಾನು ಕೇಳೋದು ಬೇರೆ: ಮಿಶನ್ ಕಾದದ್ದು ಯಾರಿಗಾಗಿ? ಲಿಂಗಾಯತ ಪಂಗಡಗಳಿಗಾಗಿ, ನೇಕಾರರಿಗಾಗಿ, ನಡುವಿನ ಜಾತಿಗಳಿಗಾಗಿ. ಮೇಲಿನವರು ಬಂದರೆ ಕೆಳಗಿನವರು ತಾವಾಗಿ ಬರುತ್ತಾರೆ ಎಂಬ ಎಣಿಕೆ ಎಲ್ಲ ಮಿಶನ್ನುಗಳಲ್ಲೂ ಒಂದಲ್ಲ ಒಂದು ಕಾಲಕ್ಕೆ ಇತ್ತು. ಅಸ್ಪೃಶ್ಯರ ಕ್ರೈಸ್ತೀಕರಣದ ಬಗ್ಗೆ, ಮತಾಂತರಗೊಂಡವನ ಸ್ಥಿತಿಯ ಬಗ್ಗೆ ಅಂಬೇಡ್ಕರ್ ಬರೆದ ಬರಹಗಳು ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1989ರಲ್ಲಿ, ಸಮಗ್ರ ಸಂಪುಟದಲ್ಲಿ ಅಚ್ಚಾದವು. ಮೇಲ್ಜಾತಿಯ ಬೆನ್ನು ಹತ್ತಿ ಮಿಶನ್ನುಗಳು ಕಳೆದ ಕಾಲದ ಬಗ್ಗೆ, ಸಭೆಯೊಳಗೆ ಜಾತಿಯನ್ನು ಉಳಿಯಗೊಟ್ಟದ್ದರ ಬಗ್ಗೆ ಅವರು ಅಲ್ಲಿ ಕಟುವಾಗಿ ಬರೆದಿದ್ದಾರೆ. ನಮ್ಮ ಕಡೆಯ ಮಿಶನ್ ಚರಿತ್ರೆ ಬರೆಯುವವರ ಮೇಜಿನ ಮೇಲೆ ಆ ಸಂಪುಟವನ್ನು ನಾನು ಕಂಡದ್ದು ಕಡಿಮೆ.

ಇನ್ನೊಂದು ಸಂಗತಿ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಲಿಲ್ಲ. ಅರ್ಜಿ ಮುಂಬಯಿ ಸರ್ಕಾರಕ್ಕೆ ಹೋಯಿತು. ಈ ಒಬ್ಬ ಹುಡುಗನಿಗಾಗಿ ಇಡೀ ಶಾಲೆಯನ್ನು ಅಪಾಯಕ್ಕೆ ಒಡ್ಡಲಾಗದು ಎಂಬ ಅರ್ಥದ ಉತ್ತರ ಬಂತು. ಮಾತು ಲಂಡನ್ನಿನ ಕಂಪನಿ ನಿರ್ದೇಶಕರ ತನಕ ಮುಟ್ಟಿತು. ಕೊನೆಗೆ 1858ರಲ್ಲಿ, ಸರ್ಕಾರ ಪೂರ್ತಿ ತನ್ನ ಖರ್ಚಿನಲ್ಲಿ ನಡೆಸುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಮುಂಬಯಿ ಸರ್ಕಾರ ಘೋಷಿಸಿತು. ಭಾರತದ ಶಿಕ್ಷಣ ಚರಿತ್ರೆಯಲ್ಲಿ ಆ ಹುಡುಗನಿಗೆ ಜಾಗ ಇದೆ, ಅಂಬೇಡ್ಕರರೂ ಅವನನ್ನು ನೆನೆದಿದ್ದಾರೆ. ಅವನು ಅರ್ಜಿ ಬರೆದಾಗ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದು ಹತ್ತೊಂಬತ್ತು ವರ್ಷ ಆಗಿತ್ತು. ಮಿಶನ್ನಿನ ಶಿಕ್ಷಣ ಸೇವೆಯ ಅಧ್ಯಾಯವನ್ನೂ ಈ ಅರ್ಜಿಯನ್ನೂ ಒಂದೇ ಪುಟದಲ್ಲಿ ಇಟ್ಟು ನೋಡುವ ಒಬ್ಬ ವಿದ್ಯಾರ್ಥಿ ಬೇಕು. ಒಂದೇ ಊರಿನ, ಒಂದೇ ಕಾಲದ ಕಾಗದಗಳು ಇವು, ಆದರೂ ಬೇರೆ ಬೇರೆ ಕಪಾಟಿನಲ್ಲಿವೆ.

ಮಿಶನ್ನಿನ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಸಭೆಗೆ ಸೇರುವವರು ಜಾತಿ ಬಿಡಬೇಕು ಎಂಬುದರಲ್ಲಿ ಬಾಸೆಲಿನವರು ಬೇರೆ ಹಲವರಿಗಿಂತ ಬಿಗಿ. ಕೂಡಿ ಉಣ್ಣಬೇಕು, ಒಂದೇ ಬಟ್ಟಲಲ್ಲಿ ಕುಡಿಯಬೇಕು. ಜಾತಿ ಬಿಟ್ಟವನಿಗೆ ಊರು ಅನ್ನ ಬಿಡಿಸುತ್ತದೆ. ಅದಕ್ಕೇ ಕರಾವಳಿಯಲ್ಲಿ ನೇಯ್ಗೆ ಕಾರ್ಖಾನೆ, 1865ರಿಂದ ಹೆಂಚಿನ ಕಾರ್ಖಾನೆ ಹಾಕಿದರು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರ, ನಮ್ಮ ಸೀಮೆಯನ್ನು ಹುರಿದಾಗ ಮಿಶನ್ನುಗಳು ತಬ್ಬಲಿ ಮಕ್ಕಳನ್ನು ಎತ್ತಿಕೊಂಡವು. ಗಂಜಿಗಾಗಿ ಮತ ಮಾರಿಕೊಂಡರು ಅಂತ ಆಡುವವರು ಇದ್ದಾರೆ. ಗಂಜಿಯನ್ನು ಅವರ ಮಠ ಮಂದಿರಗಳು ಕೇರಿಗೆ ಎಷ್ಟು ದಿನ ತಂದುಕೊಟ್ಟವು ಅಂತ ನಾನು ತಿರುಗಿ ಕೇಳುತ್ತೇನೆ. ಹಸಿದವನು ಅನ್ನ ಕೊಟ್ಟವನ ದೇವರನ್ನು ನೋಡಬೇಕು ಅಂತ ಬಯಸಿದರೆ ಅದು ಮಾರಾಟ ಅಲ್ಲ, ಅದೂ ಒಂದು ವಿಚಾರವೇ.

ಆದರೆ ಸಭೆಯ ದಫ್ತರದಲ್ಲಿ ಜಾತಿ ಬರೆಯದೆ ಬಿಟ್ಟರೆ ಜಾತಿ ಹೋಗುವುದಿಲ್ಲ. ದೀಕ್ಷಾಸ್ನಾನದ ದಿನ ಯಲ್ಲವ್ವ ಮರಿಯಮ್ಮ ಆಗುತ್ತಾಳೆ, ದುರಗಪ್ಪ ಯೋಹಾನ ಆಗುತ್ತಾನೆ. ಹಳೆಯ ಹೆಸರಿನ ಸಂಗಡ ಬಂದ ಹಿನ್ನೆಲೆ ಮದುವೆ ಮಾತು ಬಂದ ದಿನ ತಾನಾಗಿ ಎದ್ದು ಕೂಡುತ್ತದೆ. ಮೇಲಿನಿಂದ ಬಂದ ಮನೆತನಗಳು ತಮ್ಮ ಮೂಲವನ್ನು ಹೆಮ್ಮೆಯಿಂದ ಹೇಳುತ್ತವೆ, ಕೇರಿಯಿಂದ ಬಂದವರು ಗಂಟಲು ಸರಿಮಾಡಿಕೊಂಡು ಬೇರೆ ಮಾತಿಗೆ ಹೋಗುತ್ತಾರೆ. ಬೆಂಗಳೂರಿನ ಗಾಡ್ವಿನ್ ಶಿರಿ 1997ರಲ್ಲಿ ದಕ್ಷಿಣ ಭಾರತದ ದಲಿತ ಕ್ರೈಸ್ತರ ಪಾಡನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೂಸೈಗೆ ಬೇಕಾಗಿದ್ದುದು ಅಂಥ ಪುಸ್ತಕ. ಬಂದದ್ದು ಹನ್ನೆರಡು ವರ್ಷ ತಡವಾಗಿ.

ಉತ್ತಂಗಿ ಚೆನ್ನಪ್ಪನವರ ಹೆಸರು ಇಲ್ಲಿ ಬರಲೇಬೇಕು. ಬಾಸೆಲ್ ಮಿಶನ್ನಿನ ಪಾದ್ರಿ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಹೊರತಂದವರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಬನಾರಸಕ್ಕೆ ಬೆತ್ಲೆಹೇಮಿನಿಂದ ವಿನಂತಿ ಬರೆದ ಮನುಷ್ಯ. ಅವರ ಮೇಲೆ ಕೆಲಸ ಮಾಡುವ ಹುಡುಗರು ನನಗೆ ಇಷ್ಟವೇ. ಆದರೆ ಅವರೆಲ್ಲ ಬನಾರಸ ಮತ್ತು ಬೆತ್ಲೆಹೇಮಗಳ ನಡುವೆ, ಬಸವ ಮತ್ತು ಯೇಸುವಿನ ನಡುವೆ ಹೋಲಿಕೆಯ ಸೇತುವೆ ಕಟ್ಟುತ್ತ ಕೂಡುತ್ತಾರೆ. ಎರಡೂ ದಂಡೆಯವರು ಓದುಬಲ್ಲವರು, ಮರ್ಯಾದಸ್ಥರು. ಮಾದಾರ ಚೆನ್ನಯ್ಯನ ಓಣಿಯಿಂದ ಆ ಸೇತುವೆಗೆ ಹತ್ತಲು ಮೆಟ್ಟಿಲು ಇಟ್ಟವರನ್ನು ನಾನಿನ್ನೂ ಕಾಣಬೇಕು.

ಗ್ರಂಥದ ಮಾತಿಗೆ ಬರೋಣ. ಕನ್ನಡದಲ್ಲಿ ಬೈಬಲ್ಲಿಗೆ ‘ಸತ್ಯವೇದ’ ಅಂತ ಹೆಸರು. ವೇದ ಕಿವಿಗೆ ಬಿದ್ದರೆ ಕಾಯಿಸಿದ ಸೀಸದ ಮಾತು ಬರುವ ನಾಡಿನಲ್ಲಿ ಕೇರಿಯವನ ಕೈಗೆ ಕೊಟ್ಟ ಪುಸ್ತಕಕ್ಕೆ ವೇದ ಎಂದೇ ಹೆಸರಿಟ್ಟರು. ಇದನ್ನು ಎರಡು ರೀತಿ ಓದಬಹುದು. ವೇದದ ಯಜಮಾನಿಕೆಯನ್ನು ಹಿಂಬಾಗಿಲಿನಿಂದ ಒಪ್ಪಿಕೊಂಡರು ಎನ್ನಬಹುದು, ಸತ್ಯ ಅಂದಮೇಲೆ ಉಳಿದದ್ದು ಸುಳ್ಳು ಅಂತ ಆಯಿತಲ್ಲ ಎನ್ನಲೂಬಹುದು. ಓದುಬರಹ ಇಲ್ಲದ ಒಬ್ಬ ಮುದುಕಿ ನನಗೆ ಹೇಳಿದ್ದು ಮೂರನೆಯದು: “ಅವರ ವೇದ ಮುಟ್ಟಗೊಡಲಿಲ್ಲ, ಇದನ್ನ ತಲಿದಿಂಬಿಗೆ ಇಟಗೊಂಡು ಮಲಗತೇನಿ.”

ಅದಕ್ಕಿಂತ ದೊಡ್ಡದು ‘ಹೊಲೆ’ ಎಂಬ ಪದ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಅಶುದ್ಧಿ, ಮೈಲಿಗೆ ಎಂಬುದಕ್ಕೆ ಈ ಪದವನ್ನು ಬಳಸಿದ್ದಾರೆ. ಮನುಷ್ಯನನ್ನು ಮೈಲಿಗೆ ಮಾಡುವುದು ಯಾವುದು ಎಂದು ಯೇಸು ಪರಿಸಾಯರ ಜೊತೆ ವಾದಿಸುವ ಮಾರ್ಕನ ಏಳನೆಯ ಅಧ್ಯಾಯದಲ್ಲಿ ಅದು ‘ಹೊಲೆ ಮಾಡು’ ಎಂದೇ ಬರುತ್ತದೆ. ಅಪೊಸ್ತಲರ ಕೃತ್ಯಗಳು, ಹತ್ತನೆಯ ಅಧ್ಯಾಯದಲ್ಲಿ ಹಸಿದ ಪೇತ್ರನಿಗೆ ಆಕಾಶದಿಂದ ಜೋಳಿಗೆಯಂತೆ ಒಂದು ದೊಡ್ಡ ಬಟ್ಟೆ ಇಳಿಯುತ್ತದೆ, ಅದರಲ್ಲಿ ಎಲ್ಲ ಜಾತಿಯ ಪ್ರಾಣಿಗಳು; ಕೊಂದು ತಿನ್ನು ಎಂಬ ದನಿ. ಮಡಿವಂತ ಪೇತ್ರ ಒಲ್ಲೆ ಅನ್ನುತ್ತಾನೆ. ಕೊನೆಗೆ ಅವನಿಗೆ ತಿಳಿಯುವುದೇನೆಂದರೆ ಯಾವ ಮನುಷ್ಯನನ್ನೂ ಹೊಲೆ ಅನ್ನಕೂಡದು ಎಂಬುದು. ಈ ಭಾಗವನ್ನು ಇಂಗ್ಲಿಷಿನಲ್ಲಿ ಓದಿದವನಿಗೆ ಇದು ಯೆಹೂದ್ಯರ ಊಟದ ಕಟ್ಟಳೆಯ ಮಾತು. ಹೊಲಗೇರಿಯಲ್ಲಿ ಕನ್ನಡದಲ್ಲಿ ಕೇಳಿದವನಿಗೆ ಹಾಗಲ್ಲ, ಅದು ಅವನ ಜಾತಿಯ ಹೆಸರು. ದೇವರು ತನ್ನ ಹೆಸರೆತ್ತಿ, ಅವನನ್ನು ಹಾಗೆ ಕರೆಯಬ್ಯಾಡ್ರಿ ಅಂದ ಅಂತ ಅವನಿಗೆ ಕೇಳಿಸುತ್ತದೆ.

ಕಿಟೆಲ್ ಕೋಶದಲ್ಲಿ ‘ಹೊಲೆ’ಗೆ ಮುಟ್ಟು, ಸೂತಕ, ಮೈಲಿಗೆ ಎಂಬ ಅರ್ಥಗಳಿವೆ. ಅಲ್ಲ, ಹೊಲದವನು ಹೊಲೆಯ ಎಂದು ನಮ್ಮ ಹಿರಿಯರು ವಾದಿಸುತ್ತ ಬಂದರು. ಅನುವಾದಕರು ಪಂಡಿತರ ಅರ್ಥವನ್ನು ಆರಿಸಿಕೊಂಡರು. ಹಾಗಾಗಿ ಅದೇ ಪುಸ್ತಕದ ಯಾಜಕಕಾಂಡದ ನಿಷೇಧಗಳನ್ನು ಕೇಳುವಾಗ ಕೇರಿಯವನಿಗೆ ಊರ ಗೌಡನ ದನಿಯೇ ಕೇಳಿಸಿರಬೇಕು. ಬೈಯುವ ಮಾತೂ ತಬ್ಬುವ ಮಾತೂ ಒಂದೇ ಪದದಲ್ಲಿ. ಕನ್ನಡ ಬೈಬಲ್ ಅನುವಾದದ ಮೇಲೆ ಕೆಲಸ ಮಾಡುವವರು ಸಂಸ್ಕೃತ ಪದ ಎಷ್ಟು, ದೇಸಿ ಪದ ಎಷ್ಟು ಅಂತ ಎಣಿಸುತ್ತಾರೆ. ಈ ಒಂದು ಪದವನ್ನು ಹಿಡಿದು, ಪರಿಷ್ಕರಣೆಯಿಂದ ಪರಿಷ್ಕರಣೆಗೆ ಅದು ಎಲ್ಲಿ ಉಳಿಯಿತು ಎಲ್ಲಿ ಬದಲಾಯಿತು ಎಂದು ನೋಡಿದರೆ ಅದೇ ಒಂದು ಪ್ರಬಂಧ.

ಪೇತ್ರ ಆವತ್ತು ಇಳಿದುಕೊಂಡದ್ದು ಸೀಮೋನನೆಂಬವನ ಮನೆಯಲ್ಲಿ. ಸೀಮೋನ ತೊಗಲು ಹದ ಮಾಡುವವನು. ಸಮುದ್ರದ ಹತ್ತಿರ, ಊರಿನಿಂದ ಅತ್ತತ್ತ ಅವನ ಮನೆ. ಯಾಕೆ ಅತ್ತತ್ತ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಪೇತ್ರ ಅವನ ಮಾಳಿಗೆ ಮೇಲೆ ಕೂತುಕೊಂಡೇ ಮಡಿ ಮಾತಾಡುತ್ತಾನೆ! ದರ್ಶನ ಮುಗಿದ ಮೇಲೆ ಕತೆ ಕೊರ್ನೇಲ್ಯನೆಂಬ ರೋಮನ್ ದಂಡಿನ ಅಧಿಕಾರಿಯ ಮನೆಗೆ ಹೋಗುತ್ತದೆ. ಸೀಮೋನ ಒಂದು ಮಾತೂ ಆಡುವುದಿಲ್ಲ. ಸಮಗಾರರ, ಮಾದರ ಓಣಿಗಳಲ್ಲಿ ಈ ಭಾಗ ಓದಿದಾಗ ಜನ ಹಿಡಿದುಕೊಳ್ಳುವುದು ಕೊರ್ನೇಲ್ಯನನ್ನಲ್ಲ, ಸೀಮೋನನನ್ನು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ವಿದ್ಯಾರ್ಥಿ ಸಂಘದ ಮುಂದೆ ಅರವಿಂದ ನಿರ್ಮಲ್ ಶೂದ್ರ ಥಿಯಾಲಜಿಯ ಬಗ್ಗೆ ಆಡಿದ ಮಾತೇ ಮುಂದೆ ದಲಿತ ಥಿಯಾಲಜಿಗೆ ದಾರಿ ಆಯಿತು. ಅದು ನಮ್ಮ ರಾಜ್ಯದ ನೆಲದಲ್ಲಿ, ವಿದ್ಯಾರ್ಥಿಗಳ ಮುಂದೆ ಹುಟ್ಟಿದ ಮಾತು. ಹುನಗುಂದಕ್ಕೆ ಬರುವಾಗ ಅದು ಇಂಗ್ಲಿಷ್ ಬೂಟು ಹಾಕಿಕೊಂಡೇ ಬಂತು.

ಸಮಾಜದ ಮಾತು ಎಲ್ಲಕ್ಕಿಂತ ಕಷ್ಟದ್ದು. ಒಂದು ಊರು, ಯಾವ ತಾಲೂಕು ಎಂದೂ ಹೇಳುವುದಿಲ್ಲ. ಒಬ್ಬ ವಿದ್ಯಾರ್ಥಿ ಪ್ರಶ್ನಾವಳಿ ಹಿಡಿದು ಒಂದು ಮನೆಗೆ ಹೋದ, ನಾನು ಜೊತೆಗಿದ್ದೆ. ಗೋಡೆಗೆ ಅಂಬೇಡ್ಕರ್ ಫೋಟೊ, ಅದರ ಬದಿಗೆ ಮುಳ್ಳಿನ ಕಿರೀಟದ ಯೇಸು, ಕೆಳಗೆ ಒಂದು ಗೂಟಕ್ಕೆ ಹಲಗೆ. ‘ಧರ್ಮ’ ಎಂಬ ಕಲಮಿಗೆ ಬಂದಾಗ ಯಜಮಾನ ಹೇಳಿದ: “ತಮ್ಮಾ, ಕಾಗದದಾಗ ಏನೈತೋ ಅದನ್ನ ಬರಕೋ. ಎದಿಯಾಗ ಏನೈತಿ ಅನ್ನೂದು ನಿಮ್ಮ ಯುನಿವರ್ಸಿಟಿಗೆ ಯಾಕ ಬೇಕು?” ಹುಡುಗ ಹಿಂದೂ ಅಂತ ಬರೆದುಕೊಂಡ. ಮುಂದಿನ ಕಲಮು, ವಾರದ ಪ್ರಾರ್ಥನೆ. ಅದಕ್ಕೆ ಆ ಮನೆಯ ಹೆಣ್ಣುಮಗಳು ಉತ್ತರ ಕೊಟ್ಟಳು: “ಮಗಳಿಗೆ ಮುತ್ತು ಕಟ್ಟಬಾರದು ಅಂತ ನಾ ಪ್ರಾರ್ಥನಾಕ್ಕ ಹೋಗಾಕ ಹತ್ತಿದೆ.” ದೇವದಾಸಿ ನಿಷೇಧದ ಕಾಯ್ದೆ 1982ರಲ್ಲೇ ಬಂದಿದೆ. ಕಾಯ್ದೆ ಕೈಬಿಟ್ಟ ಕಡೆ ಅವಳು ಇನ್ನೊಂದು ಆಸರೆ ಹುಡುಕಿಕೊಂಡಿದ್ದಳು. ಮತಾಂತರಕ್ಕೆ ಕಾರಣಗಳು ಎಂದು ನಮ್ಮ ಪ್ರಬಂಧಗಳಲ್ಲಿ ಬರುವ ಪಟ್ಟಿಯಲ್ಲಿ ಈ ಕಾರಣಕ್ಕೆ ಜಾಗವಿಲ್ಲ.

ಆ ಯಜಮಾನ ಸುಳ್ಳು ಹೇಳಿದ ಎಂದು ತಿಳಿಯುವವನು ಈ ವಿಷಯ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದು ಒಳ್ಳೆಯದು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪರಿಚ್ಛೇದ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತೆಗೆದುಕೊಂಡರು. ಕ್ರೈಸ್ತರು, ಮುಸಲ್ಮಾನರು ಹೊರಗೆ. ಅದೇ ಹೊತ್ತಿಗೆ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಕ್ರೈಸ್ತರಾದ ಪರಿಶಿಷ್ಟ ಜಾತಿಯವರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಇದ್ದಾರೆ. ಒಂದು ಸರ್ಕಾರಿ ಕಾಗದ ಕ್ರೈಸ್ತರಲ್ಲಿ ಹೊಲೆಯ ಮಾದಿಗರಿದ್ದಾರೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ನಡುವೆ ಇರುವವನು ಹಾಸ್ಟೆಲ್ ಸೀಟು, ಗ್ರಾಮ ಪಂಚಾಯ್ತಿಯ ಮೀಸಲು ಸ್ಥಾನ, ಹೊಡೆದಾಗ ಹಾಕಬೇಕಾದ ದೌರ್ಜನ್ಯ ತಡೆ ಕೇಸು ಎಲ್ಲವನ್ನೂ ಲೆಕ್ಕ ಹಾಕಿ ಬಾಯಿ ಬಿಡಬೇಕು.

2007ರಲ್ಲಿ ರಂಗನಾಥ ಮಿಶ್ರ ಆಯೋಗ ಆ ಮೂರನೆಯ ಪರಿಚ್ಛೇದವನ್ನು ತೆಗೆದುಹಾಕಿ ಎಂದಿತು. 2008ರಲ್ಲಿ ಸತೀಶ್ ದೇಶಪಾಂಡೆ ಅವರು ಅಲ್ಪಸಂಖ್ಯಾತರ ರಾಷ್ಟ್ರೀಯ ಆಯೋಗಕ್ಕಾಗಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ದಲಿತ ಕ್ರೈಸ್ತರನ್ನೂ ಮುಸ್ಲಿಮರನ್ನೂ ಹೊರಗಿಡಲು ಬಲವಾದ ಆಧಾರವಿಲ್ಲ ಎಂದರು. ಬಿಡಿ ಬಿಡಿ ಪ್ರಬಂಧಗಳು ಒಂದೆಡೆ ಕೂಡಿದಾಗ ಏನಾಗುತ್ತದೆ ಅನ್ನೋದಕ್ಕೆ ಆ ವರದಿ ಸಾಕ್ಷಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಮತ್ತೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು, ಅವಧಿ ಮುಂದಕ್ಕೆ ಹಾಕುತ್ತ ಬಂತು. ಅದೇ 2022ರಲ್ಲಿ ಕರ್ನಾಟಕದ ಮತಾಂತರ ತಡೆ ಕಾಯ್ದೆ ಬಂತು. ದಲಿತರನ್ನು, ಹೆಂಗಸರನ್ನು ಕಾಯ್ದೆಗೆ ವಿರುದ್ಧವಾಗಿ ಮತಾಂತರ ಮಾಡಿದರೆ ಹೆಚ್ಚಿನ ಶಿಕ್ಷೆ. ತನ್ನ ದೇವರನ್ನು ತಾನು ಆರಿಸಿಕೊಳ್ಳುವ ಬುದ್ಧಿ ಅವರಿಗಿಲ್ಲ ಅಂತ ತಾನೆ ಇದರ ಅರ್ಥ? 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆಯಲು ಸಂಪುಟ ತೀರ್ಮಾನಿಸಿತಾದರೂ ಪ್ರಾರ್ಥನೆಯ ಮನೆಗಳಲ್ಲಿ ಕೂತ ಹೆದರಿಕೆ ತೀರ್ಮಾನಕ್ಕೆ ಕಾಯಲಿಲ್ಲ. 2025ರ ರಾಜ್ಯದ ಸಮೀಕ್ಷೆಯಲ್ಲಿ ಜಾತಿಯ ಹೆಸರಿನ ಜೊತೆ ಕ್ರೈಸ್ತ ಎಂದು ಸೇರಿಸಿದ ಕಲಮುಗಳ ಬಗ್ಗೆ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಗದ್ದಲದಲ್ಲಿ ಆ ಹೆಸರುಗಳನ್ನು ಪಟ್ಟಿಯಿಂದ ಮರೆಮಾಡಿದರು. ಆ ಹೆಸರಿನವರನ್ನು ಯಾರೂ ಕೇಳಲಿಲ್ಲ.

2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಹೆಣ್ಣುಮಗಳಿಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಲ್ಲದು ಎಂದಿತು. ಅವಳು ಹಿಂದೂ ಎಂದು ಹೇಳಿಕೊಂಡಿದ್ದಳು. ಆಧಾರವಾಗಿ ಬಂದದ್ದರಲ್ಲಿ ಚರ್ಚಿನ ದೀಕ್ಷಾಸ್ನಾನದ ದಾಖಲೆಯೂ ಒಂದು. ನಮ್ಮ ವಿದ್ಯಾರ್ಥಿ ಅಮೂಲ್ಯ ಆಕರ ಅಂತ ಅಡಿಟಿಪ್ಪಣಿಯಲ್ಲಿ ಬರೆಯುವ ದಫ್ತರ ಇದೇ. ಪಾದ್ರಿ ಪ್ರೀತಿಯಿಂದ ಬರೆದ ಹೆಸರು ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ, ಪ್ರಬಂಧದ ಅನುಬಂಧದಲ್ಲಿ ಅಚ್ಚಾದ ಕುಟುಂಬಗಳ ಪಟ್ಟಿಯೂ ಆದೀತು. ಅಧ್ಯಯನ ಎಲ್ಲಿ ಎಂದು 1985ರಲ್ಲಿ ಕೇಳಿದ ವ್ಯವಸ್ಥೆಯ ಮುಂದೆ ಅಧ್ಯಯನ ತಂದಿಟ್ಟರೆ ಅದರೊಳಗಿನ ಮನುಷ್ಯರ ಕಾಗದ ಹೋಗುತ್ತದೆ. ಈ ಇಕ್ಕಟ್ಟನ್ನು ಬದಿಗಿಟ್ಟು ವೈಜ್ಞಾನಿಕ ವಿಧಾನ ಅಂತ ಪಾಠ ಮಾಡುವ ಮಾರ್ಗದರ್ಶಕರಿಗೆ ಕಳೆದುಕೊಳ್ಳುವುದು ಏನೂ ಇಲ್ಲ.

ಹಾಗಂತ ಬರೆಯೋದು ಬಿಡಬೇಕಾಗಿಲ್ಲ, ಕೇಳುವ ಪ್ರಶ್ನೆ ಬದಲಿಸಬೇಕು. ನಿನ್ನ ಧರ್ಮ ಯಾವುದು ಅಂತ ಕೇಳುವ ಬದಲು ಸತ್ತರೆ ಮಣ್ಣು ಎಲ್ಲಿ ಕೊಡತಾರ, ಆ ಜಾಗ ಯಾರ ಹೆಸರಿನಲ್ಲಿದೆ ಅಂತ ಕೇಳಬೇಕು. ಪ್ರಾರ್ಥನೆಗೆ ಹೋಗುವವನಿಗೆ ಚಹಾದಂಗಡಿಯಲ್ಲಿ ಕಪ್ಪು ಯಾವುದು, ಜಾತ್ರೆಯಲ್ಲಿ ಹಲಗೆ ಬಾರಿಸೋದು ಬಿಟ್ಟವನಿಗೆ ಸುಗ್ಗಿಯಲ್ಲಿ ಕೂಲಿಗೆ ಕರೆದರೋ ಇಲ್ಲವೋ, ಪಟ್ಟಣದ ಹಳೆಯ ಕ್ರೈಸ್ತ ಮನೆತನದವರು ಕೇರಿಯ ಕ್ರೈಸ್ತರಿಗೆ ಹೆಣ್ಣು ಕೊಟ್ಟಿದ್ದಾರೋ ಇಲ್ಲವೋ, ಸಭೆಯ ಆಸ್ತಿಯ ಕಮಿಟಿಯಲ್ಲಿ ಯಾವ ಓಣಿಯವರು ಎಷ್ಟು ಜನ ಅಂತ ಬರೆದುಕೊಳ್ಳಬೇಕು. ಕೋರ್ಟು ಕೇಳಿದ್ದು ಇದನ್ನೇ, ತುಳಿತದ ತೀವ್ರತೆಯನ್ನು. ಇದಕ್ಕೆ ಯಾರ ಎದೆಯನ್ನೂ ಬಗೆದು ನೋಡಬೇಕಾಗಿಲ್ಲ, ಹೆಸರೂ ಬೇಕಿಲ್ಲ.

ನಮ್ಮ ಕಡೆಯ ಐದಾರು ಹುಡುಗ ಹುಡುಗಿಯರು ಈಗ ಹೀಗೆ ಕೆಲಸ ಸುರು ಮಾಡಿದ್ದಾರೆ. ಅವರಲ್ಲಿ ಸಭೆಗೆ ಹೋಗುವವರೂ ಇದ್ದಾರೆ, ಸಂಗಮಕ್ಕೆ ಹೋಗುವವರೂ ಇದ್ದಾರೆ, ಎಲ್ಲಿಗೂ ಹೋಗದವರೂ ಇದ್ದಾರೆ. ಬರೆದುಕೊಂಡದ್ದನ್ನು ಮೊದಲು ಆಯಾ ಕೇರಿಯಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಬೇಕು, ಬೇಡ ಅಂದದ್ದನ್ನು ಹೊಡೆದು ಹಾಕಬೇಕು ಅಂತ ತಮ್ಮೊಳಗೇ ಗೊತ್ತು ಮಾಡಿಕೊಂಡಿದ್ದಾರೆ. ಮೊದಲ ಓದಿನಲ್ಲೇ ಒಬ್ಬ ಮುದುಕ ಎದ್ದು ನಿಂತು ಅರ್ಧ ಪುಟ ಹೊಡೆಸಿದ. ಬದಲಿಗೆ ಮಸಣದ ಜಾಗಕ್ಕೆ ತನ್ನ ಅಪ್ಪ ಕೊಟ್ಟ ಅರ್ಜಿ ಬರೆಸಿದ, ಅದರ ನಕಲು ಇನ್ನೂ ತನ್ನ ಟ್ರಂಕಿನಲ್ಲಿದೆ ಅಂದ.